ಬರೋ ದಿನ ಬರೀ ಬರೋದು

ಇಪ್ಪತ್ತೆರಡು ವರ್ಷ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ
ಮಂದಿಯ ಬರೋಣ ಹೋಗೋಣ ಕೂಗಿದವರು ಇವರು.
ಈಗ ಹಳೇ ಟ್ರಿಪ್ ಶೀಟಿನ ಬೆನ್ನ ಮೇಲೆ
ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಾರೆ,
ನಿಟುವಳ್ಳಿಯ ನಮ್ಮ ಅಡಿಗೆಮನೆ ಕಟ್ಟೆಯ ಮೇಲೆ,
ರಾತ್ರಿ ಹತ್ತೂಕಾಲಿಗೆ.
ಮಾರ್ಗ ಸಂಖ್ಯೆ ಒಂದಿಲ್ಲ. ಉಳಿದದ್ದೆಲ್ಲ ಇದೆ.

ಶುಕ್ರವಾರ ರೈಲು. ಶನಿವಾರ ಆಟ.
ಅಲ್ಲಿ ನೀರಿನ ಟ್ಯಾಂಕಿಗಿಂತ ಎತ್ತರದ ಜಾರುಬಂಡಿಯಂತೆ,
ಗುಂಡಿ ಒತ್ತಿದರೆ ಅಲೆ ಏಳುವ ಕೊಳವಂತೆ,
ಸಿಂಚನಾ ಫೋನಿನಲ್ಲಿ ತೋರಿಸಿದ್ದಾಳೆ.
ಕೊಟ್ರೇಶಿ ಬಾಗಿಲ ಚೌಕಟ್ಟಿಗೆ ಒರಗಿ
ತನ್ನ ಎತ್ತರಕ್ಕೆ ಪೆನ್ಸಿಲ್ಲಿನ ಗುರುತು ಹಾಕಿಸಿಕೊಂಡು,
ದೊಡ್ಡ ಜಾರುಬಂಡಿಗೆ ಎರಡು ಬೆರಳು ಕಮ್ಮಿ ಬಿದ್ದದ್ದಕ್ಕೆ
ಮೂರು ದಿನದಿಂದ ಬೆನ್ನು ಸೆಟೆಸಿ ನಡೆಯುತ್ತಿದ್ದಾನೆ.

"ಹನ್ನೊಂದೂವರೆಗೆ ಇಳೀತೀವಿ, ಸೀದಾ ಗೇಟಿಗೇ ಹೋಗಾಣ"
ಅಂದಳು ಮಗಳು. ಇವರು ಪೆನ್ನು ಕೆಳಗಿಟ್ಟರು.
"ಅರ್ಧ ದಿನಕ್ಕೆ ಪೂರ್ತಿ ಟಿಕೆಟ್ಟಾ?
ಬರೋ ದಿನ ಬರೀ ಬರೋದು.
ಬಸ್ಸಿಗೂ ಕೂಡ, ಬಂದ ಮೇಲೆ ಇಂಜಿನ್ ಆರಾಕೆ
ಹದಿನೈದು ನಿಮಿಷ ಕೊಡ್ತೀವಿ ನಾವು."

ಅತ್ತೆ ದುಗ್ಗಮ್ಮ ಬಚ್ಚಲಿಂದಲೇ ಕೇಳಿದರು:
"ನೀರಿಗಿಳಿಯಾಕೆ ಸೀರೆ ಬಿಡ್ತಾರೇನೋ?"
"ಇಲ್ಲವ್ವ. ನೈಲಾನ್ ಬಟ್ಟೆ ಬಾಡಿಗೆಗೆ ಕೊಡ್ತಾರೆ."
ಒಂದು ಗಳಿಗೆ ಚೊಂಬಿನ ಸದ್ದೂ ನಿಂತಿತು.
ಆಮೇಲೆ:
"ಯಾವ ಬಣ್ಣದ್ದು?"

ಗೇಟಿನಲ್ಲಿ ಚೀಲ ಬಿಚ್ಚಿಸುತ್ತಾರಂತೆ,
ಹೊರಗಿನ ತಿಂಡಿ ಒಳಗೆ ಬಿಡರಂತೆ.
ಹಾಗಾಗಿ ಭಟ್ಟಿಯಿಂದ ತಂದ ನಾಲ್ಕು ಸೇರು ಮಂಡಕ್ಕಿ,
ಹುರಿಗಡಲೆ ಪುಡಿ, ಹಸಿಮೆಣಸು, ಈರುಳ್ಳಿ, ಒಂದು ಚಾಕು,
ಹಾಸಲಿಕ್ಕೆ ನಿನ್ನೆಯ ಪೇಪರು,
ಎಲ್ಲ ಬಂದ ದಿನವೇ ತೀರಬೇಕು.
"ಸಂಜೆ ಆರು. ಲಾಡ್ಜು. ಮಂಡಕ್ಕಿ" ಅಂತ ಬರೆದರು,
ನಿಲುಗಡೆ ಎಂಬ ಕಾಲಮ್ಮಿನಲ್ಲಿ.

ಟವೆಲ್ಲು ಮಡಚುತ್ತಿದ್ದ ನಾನು ಆ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ.
ಬರೀ ಬರೋದು.

ಸೇರಕ್ಕಿ ಒದ್ದು ಈ ಮನೆಯೊಳಗೆ ಬಂದ ದಿನ
ಚೆಲ್ಲಿದ ಅದೇ ಅಕ್ಕಿ ಬಳಿದು
ಹತ್ತೊಂಬತ್ತು ಜನಕ್ಕೆ ಅನ್ನಕ್ಕಿಟ್ಟೆ.
ತಂಗಿಯ ಮದುವೆಗೆಂದು ಜಗಳೂರಲ್ಲಿ ಇಳಿದಾಗ
ಚಪ್ಪಲಿ ಬಿಡುವ ಮೊದಲೇ
ಕೈಗೆ ಹೂರಣದ ಉಂಡೆ ಬಂತು.
ದೊಡ್ಡಾಸ್ಪತ್ರೆಗೆ ಹೆರಿಗೆಗೆ ಬಂದಾಗಲೂ ಅಷ್ಟೇ,
ಆಟೋದಲ್ಲೇ ಅರ್ಧ ಕೆಲಸ ಮುಗಿದಿತ್ತು.
ಇವನೇ, ಕೊಟ್ರೇಶಿ, ತಡೆಯದವನು.

"ಎರಡರಿಂದ ಆರು ಖಾಲಿ ಐತೆ. ಏನು ಬರೀಲಿ?"
ಖಾಲಿ ಕಾಲಮ್ಮು ಕಂಡರೆ ಇವರಿಗೆ ಬೆರಳು ತುರಿಸುತ್ತದೆ.
"ಏನೂ ಬ್ಯಾಡ್ರಿ."
"ಏನೂ ಬ್ಯಾಡ ಅಂತ ಬರೀಲಾ?"
"ಅದನ್ನೂ ಬರೀಬ್ಯಾಡ್ರಿ."

ಬಿಟ್ಟರು. ಹೇಗೋ ಬಿಟ್ಟರು.
ಆ ಬಿಳಿ ಜಾಗದಲ್ಲಿ ನಾನಾಗಲೇ ನಿಂತಿದ್ದೆ,
ಕಾಂಪೌಂಡಿನ ಈಚೆ, ಕೈಯಲ್ಲಿ ಚೀಲವಿಲ್ಲದೆ,
ಆಚೆ ಮೇಲೇರುವ ತೊಟ್ಟಿಲುಗಳ ಎಣಿಸುತ್ತ, ಎಣಿಕೆ ತಪ್ಪುತ್ತ,
ಯಾರ್ಯಾರದೋ ಕಿರುಚಾಟ ಕೇಳುತ್ತ.
ನಾಳೆ ಅದರಲ್ಲಿ ಅತ್ತೆಯದೂ ಸೇರುತ್ತದೆ.

ಕೊನೆಗೆ ಅತ್ತೆಗೂ ಕೇಳಲೆಂದು
ಮೈಕಿನ ದನಿಯನ್ನೇ ತುಸು ಇಳಿಸಿ ಓದಿದರು:
ಬೆಳಗಿನ ಆರೂವರೆ, ದಾವಣಗೆರೆ ಬಿಡುವುದು.
ಹನ್ನೊಂದೂವರೆ, ಇಳಿಯುವುದು, ತಲೆ ಎಣಿಸುವುದು.
ಒಂದು ಗಂಟೆ, ಊಟ.
ಎರಡು ಗಂಟೆ...
ಅಲ್ಲಿ ದನಿ ನಿಂತಿತು. ನಲ್ಲಿ ತೊಟ್ಟಿಕ್ಕಿತು.
ಪಕ್ಕದ ಮನೆಯವರ ಟಿವಿ ಏನೋ ಅಂದಿತು.
ಚೌಕಟ್ಟಿನ ಹತ್ತಿರ ಇನ್ನೊಮ್ಮೆ
ಪೆನ್ಸಿಲ್ಲು ಗೀರಿದ ಸದ್ದು.

"...ಆರಕ್ಕೆ, ಮಂಡಕ್ಕಿ."

ನಿಂಬೆಹಣ್ಣು ಬರೆದಿರಲಿಲ್ಲ ನೋಡಿ.