ಅಂತೆ

ಹಿವೊತ್ ನಮ್ಮ ವಿನೋಬನಗರದ ಮನೆಗೆ ಬಂದಾಗ
ಕೈಯಲ್ಲಿ ಎರಡು ಪೆಟ್ಟಿಗೆ,
ಮಣ್ಣು ತೆಗೆಯುವ ಒಂದು ಕಬ್ಬಿಣದ ಕೊಳವೆ,
ಇಥಿಯೋಪಿಯಾದಿಂದ ಇಲ್ಲಿಯವರೆಗೆ ಬಾಯಿಪಾಠ ಮಾಡಿಕೊಂಡು ಬಂದ
ಒಂದೇ ಒಂದು ಪದ, ನಮಸ್ಕಾರ.
ಅದನ್ನು ಮೂರು ಸಲ ಹೇಳಬೇಕಾಯಿತು.
ನನಗೊಮ್ಮೆ, ಜಗಲಿಯಲ್ಲಿದ್ದ ಮಾವನಿಗೊಮ್ಮೆ,
ಫ್ರಿಜ್ಜಿನ ಪಕ್ಕ ನಿಂತಿದ್ದ ಇವರಿಗೊಮ್ಮೆ.
ಮೂವರೂ ಒಂದು ಕಡೆ ನಿಂತಿದ್ದರೆ ತಾನೆ.

ನವುಲೆಯ ಕಾಲೇಜಿನವರು ಫಾರಮ್ಮು ಕೊಟ್ಟಿದ್ದರು:
ಮನೆಯಲ್ಲಿ ಎಷ್ಟು ಜನ, ಬಚ್ಚಲು ಎಷ್ಟು,
ಮಾಂಸ ತಿನ್ನುತ್ತೀರಾ, ನಾಯಿ ಇದೆಯೇ.
ಮಾತಾಡುತ್ತೀರಾ ಎಂಬ ಕಾಲಂ ಇರಲಿಲ್ಲ.

ಮಾವನ ಲ್ಯಾಂಬ್ರೆಟಾವನ್ನು ಇವರು ಒಂದು ಮಾತೂ ಕೇಳದೆ
ಗುಜರಿಗೆ ಹಾಕಿ ಆಗಲೇ ಮೂರು ವರ್ಷ.
ಮಾವ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು,
ಎಲ್ಲಿ ಕತ್ತರಿಸಿದರೆ ಎಷ್ಟು ಕತ್ತಲೆ ಎಂದು ಬಲ್ಲವರು.
ಅಂದಿನಿಂದ ಅಪ್ಪ ಮಗನ ನಡುವೆ ನಾನೇ ತಂತಿ.
ಟೀವಿ ಸಣ್ಣ ಮಾಡಬೇಕಂತೆ.
ಬೇಡದವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಂತೆ.

ಹುಡುಗಿ ಕಲಿತದ್ದು ಈ ಕನ್ನಡ.
ನಾನು ಸ್ನಾನಕ್ಕೋ ತರಕಾರಿಗೋ ಹೋದಾಗ
ಕೆಲಸ ಅವಳ ಪಾಲಿಗೆ ಬರುತ್ತಿತ್ತು.
ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಜಗಲಿಗೆ
ತುಟಿ ಅಲ್ಲಾಡಿಸುತ್ತ, ಒಂದಕ್ಷರ ಚೆಲ್ಲದ ಹಾಗೆ:
ಬೆಲ್ಲ ತರಬೇಕಂತೆ.
ತಂದಾಗಿದೆಯಂತೆ.
ಅದು ಬೆಲ್ಲವೇ ಅಲ್ಲವಂತೆ.

ಕನ್ನಡದ ಮಾತೆಲ್ಲ ಹೀಗೇ ಮುಗಿಯುತ್ತದೆ ಅಂದುಕೊಂಡಳು, ಪಾಪ.
ಬೆಳಿಗ್ಗೆ ಎದ್ದು, ನನಗೆ ಚೆನ್ನಾಗಿ ನಿದ್ದೆ ಬಂತಂತೆ.
ಸಿಟಿ ಬಸ್ಸಿನಲ್ಲಿ, ನಾನು ಗೋಪಿ ಸರ್ಕಲ್ಲಿಗಂತೆ.
ಹೌದಾ, ಯಾರಮ್ಮ ಹೇಳಿದ್ದು, ಎಂದನಂತೆ ಕಂಡಕ್ಟರ್.
ತಿದ್ದಬೇಕು, ನಾಳೆ ತಿದ್ದಿದರಾಯಿತು ಎಂದು ಬಿಟ್ಟೆ.
ನಮ್ಮ ಮನೆಯ ರೋಗ ಅವಳ ಬಾಯಲ್ಲಿ ಅಷ್ಟು ಚಂದವಿತ್ತು.

ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ನನ್ನ ಹಲಸಿನ ಹಪ್ಪಳ,
ಪಕ್ಕದಲ್ಲೇ ಪೇಪರ್ ಹಾಸಿ ಅವಳ ಮಣ್ಣು.
ಹೊಸನಗರದ್ದು, ಸೊರಬದ್ದು, ಆಯನೂರಿನದು,
ಗುಡ್ಡೆ ಗುಡ್ಡೆಗೂ ಒಂದೊಂದು ಚೀಟಿ.
ಮಾವ ಕೋಲು ಹಿಡಿದು ಎರಡನ್ನೂ ಕಾದರು.
ಕಾಗೆ ಮಣ್ಣು ತಿನ್ನಲ್ಲ ಮಾವ, ಅಂದೆ.
ಹೇಳಕ್ಕಾಗಲ್ಲ, ಈಗಿನ ಕಾಗೆ, ಅಂದರು.

ಒಂದು ಭಾನುವಾರ ತಿಂಡಿಯ ಹೊತ್ತಿಗೆ ತಟ್ಟೆ ಸದ್ದಾಯಿತು.
ಇವರು ಅರ್ಧಕ್ಕೇ ಎದ್ದು ಹೋದರು.
ನನಗೆ ಅವಳ ಮುಖ ನೋಡಲಾಗದೆ
ಕಾವಲಿಯ ಕಡೆ ತಿರುಗಿ ಅಂದೆ:
ಎಲ್ಲರ ಮನೆ ದೋಸೆಯೂ ತೂತೇ ಕಣೆ.
ಗಾದೆಯೆಂದು ಅವಳಿಗೆ ಹೊಳೆಯಲಿಲ್ಲ.
ದೋಸೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.
ನಮ್ಮಲ್ಲೂ ಇಂಥದೇ. ದೊಡ್ಡದು, ಹುಳಿ,
ಒಂದೇ ತಟ್ಟೆ, ಎಲ್ಲರ ಕೈಯೂ ಅದಕ್ಕೇ.
ಈ ತೂತಿಗೆ ನಾವು ಕಣ್ಣು ಅಂತೀವಂತೆ.
ಕಣ್ಣಿಲ್ಲದ್ದನ್ನು ಅಮ್ಮ ನೆಂಟರಿಗೆ ಬಡಿಸಲ್ಲವಂತೆ.
ಸಟ್ಟುಗ ನನ್ನ ಕೈಯಲ್ಲೇ ಇತ್ತು.
ಒಂದು ದೋಸೆ ಸೀದು ಹೋಯಿತು.

ಆ ಸಂಜೆ ಮಾವ ಇವರಿಗೆ ಹೇಳಿ ಕಳಿಸಿದ್ದು
ಅಡುಗೆಮನೆಗೂ ಕೇಳಿತ್ತು. ಇಲ್ಲಿ ಬರೆಯಲಾರೆ.
ಹಿವೊತ್ ನಡುಮನೆಯಲ್ಲಿ ಹೆಜ್ಜೆ ನಿಧಾನ ಮಾಡಿದಳು.
ಬಾಗಿಲಿಗೆ ಒರಗಿ ಹೇಳಿದಳು:
ಕಾಫಿ ಆರ್ತಾ ಇದೆಯಂತೆ.
ಅಪ್ಪ ಹಾಗಂದ್ರಾ?
ಅಂತೆ.
ಇವರು ಹೋಗಿ ಜಗಲಿಯ ಆ ತುದಿಯಲ್ಲಿ ಕೂತು ಕುಡಿದರು.
ಮಾತೇನಿಲ್ಲ. ಮಾವ ಪೇಪರ್ ತಿರುವಿದರು, ಹಳೆಯ ಪೇಪರ್.

ಮೊನ್ನೆ ಅವಳ ಊರಿಂದ ಫೋನು ಬಂದಿತ್ತು.
ಇಟ್ಟ ಮೇಲೂ ಮೆಟ್ಟಿಲ ಮೇಲೆ ಕೂತೇ ಇದ್ದಳು.
ಏನಾಯ್ತೇ ಎಂದೆ.
ಹಿವೊತ್‌ಗೆ ಮನೆ ನೆನಪಾಗ್ತಿದೆಯಂತೆ,
ಯಾರೋ ಹೇಳಿ ಕಳಿಸಿದ ಸುದ್ದಿ ಒಪ್ಪಿಸಿದ ಹಾಗೆ.
ಪಕ್ಕದಲ್ಲಿ ಕೂತೆ. ತಿದ್ದಲಿಲ್ಲ.
ಒಳಗೆ ಟೀವಿಯಲ್ಲಿ ಕ್ರಿಕೆಟ್ಟಿನ ಗಲಾಟೆ.
ಆಗ ಜಗಲಿಯಿಂದ, ಕಂಬದ ಮೇಲಿಂದ ಕೂಗುವ ಆ ಹಳೆಯ ಗಂಟಲಲ್ಲಿ:
ಏಯ್, ಸಣ್ಣ ಮಾಡೋ ಅದನ್ನ, ಹುಡುಗಿ ಅಳ್ತಾ ಇದಾಳೆ!

ಹಿವೊತ್ ಕಣ್ಣೊರೆಸಿಕೊಂಡು ಎದ್ದಳು, ಒಳಗೆ ಹೋಗಿ ಹೇಳಲು.
ಕೈ ಹಿಡಿದು ಕೂರಿಸಿದೆ.
ಟೀವಿ ಇನ್ನೂ ಜೋರಾಗೇ ಇತ್ತು.