ಹದಿನಾಲ್ಕು ಕಾಲು

ಕಾಸ್ತ್ರೋದ ಕೊಲ್ಲಿಯಲ್ಲಿ ನಮ್ಮ ಮನೆಗೆ ಹದಿನಾಲ್ಕು ಕಾಲು.
ಇಳಿತದಲ್ಲಿ ಎಲ್ಲವೂ ಕಾಣುತ್ತವೆ, ಚಿಪ್ಪು ಕಚ್ಚಿಕೊಂಡು.

ತೆರೆಯ ಮೇಲಿನ ಹನ್ನೊಂದು ಮಂದಿಗೆ
ಎದೆಯಿಂದ ಕೆಳಗೆ ಏನೂ ಇಲ್ಲ.
ಸಾಂತಿಯಾಗೋದ ಪ್ರೊಫೆಸರಿಗೂ ಇಲ್ಲ.
ಮೊದಲ ಸೆಮಿಸ್ಟರ್ ಪೂರ್ತಿ ನಾನು
ಮೈಕು ಮುಚ್ಚಿಕೊಂಡ ಒಂದು ಹೆಸರು:
ಎಲಿಯಾನಾ ವೆಂಚೂರ್, ಬೂದು ಚೌಕ.

ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ಕೂತರೆ
ಬೆರಳ ವಾಸನೆ ನಿಂಬೆಗೂ ಬಗ್ಗದು,
ಕೀಲಿಮಣೆ ತುಂಬ ಕಡಲು.
ಒಲೆಯ ಪಕ್ಕ ನೂಲುತ್ತ ಅಜ್ಜಿ ಕೇಳುತ್ತಾಳೆ:
"ಆ ತಲೆಗಳಿಗೆ ಚಳಿಯಾಗುವುದಿಲ್ಲವೇ?"

ಜೂನಿನ ಒಂದು ಗುರುವಾರ, ಉಬ್ಬರದ ಲೆಕ್ಕದ ಪಾಠ.
ಗ್ರಾಫು ತಪ್ಪಿತ್ತು. ನಲವತ್ತು ನಿಮಿಷ, ಸರಿಸುಮಾರು.
ನೀರು ಆಗಲೇ ನೆಲಹಲಗೆಯ ಕೆಳಗೆ ಬಂದು
ತಟ್ಟುತ್ತಿತ್ತು.
ಗುಂಡಿ ಒತ್ತಿದೆ. ಗಂಟಲಿಗೆ ತುಕ್ಕು ಹಿಡಿದಿತ್ತು.
"ಇಲ್ಲಿ ಕೇಳಿ," ಎಂದು ಲ್ಯಾಪ್‌ಟಾಪನ್ನು
ನೆಲಕ್ಕಿಟ್ಟೆ.

ಹನ್ನೊಂದು ತಲೆಗಳು ವಾಲಿದವು.
ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು.
ಆಮೇಲೆ ಪ್ರೊಫೆಸರ್: "ಎಲಿಯಾನಾ, ಇನ್ನೊಮ್ಮೆ."

ಅಜ್ಜಿ ಕದಿರು ನಿಲ್ಲಿಸಿ, ನನ್ನನ್ನಲ್ಲ,
ನನ್ನ ಬರಿಗಾಲನ್ನು ನೋಡಿದಳು.
"ಕಾಲುಚೀಲ ಹಾಕ್ಕೋ," ಅಂದಳು.