ಏಳನೇ ಕಾಲಂ

‘ಆಟದ ಪೀರಿಯಡ್ಡಿನಲ್ಲಿ ಭಾಗವಹಿಸುತ್ತಾರೆಯೇ?’
ಹೌದು, ಅಂತ ಟಿಕ್ ಹಾಕಿದೆ.
ಹಾಜರಿ ಇದೆಯಲ್ಲ, ಸುಳ್ಳೇನಲ್ಲ.

ಬಾಣಾವರದ ಬಿಸಿಲು. ಹೊಂಗೆಯ ಬುಡ.
ಮೂವತ್ತೆಂಟು ಜೊತೆ ಚಪ್ಪಲಿ, ನನ್ನ ವಾಚು,
ಕಾಯುತ್ತ ಜಬೀನ, ಎಡಗಾಲಿಗೆ ಕ್ಯಾಲಿಪರ್.
ಮೂರು ವರ್ಷದಲ್ಲಿ ಒಂದು ಚಪ್ಪಲಿಯೂ ಕಳೆದಿಲ್ಲ.

ಸಂಶೋಧನೆಗೆ ಬಂದಾಕೆ ಹಾಳೆ ಮಡಚಿ
ನನ್ನನ್ನು ಬಿಟ್ಟು ಅವಳ ಪಕ್ಕ ಕೂತಳು.
ಏನು ಕೇಳಿದಳೋ,
ಜಬೀನ ಅಂಕಣದ ಕಡೆ ಕೈ ತೋರಿಸಿ ಅಂದದ್ದಿಷ್ಟು:
‘ಅಲ್ಲೂ ಎಂಟು ಜನ ಕೂತೇ ಇರ್ತಾರೆ ಮಿಸ್.
ಆದ್ರೆ ಅವರ ಬೆನ್ನಿಗೆ ಯಾರಾದ್ರೂ ಬಂದು
ಖೋ ಕೊಡ್ತಾರೆ.’

ಸೀಟಿ ನನ್ನ ತುಟಿಯಲ್ಲೇ ಒಣಗಿತು.

ಆ ಸಂಜೆ ಸುಣ್ಣದ ಪುಡಿಯ ಡಬ್ಬ ಹಿಡಿದು
ಅಂಕಣದಲ್ಲಿ ಒಬ್ಬನೇ ಕುಕ್ಕರಗಾಲಲ್ಲಿ.
ಅವಳಿಗೆ ಗೆರೆ ಎಲ್ಲಿಗೆ? ಕಂಬದ ಹತ್ತಿರವೋ, ಇನ್ನೂ ಹತ್ತಿರವೋ?
ನಿಯಮದ ಪುಸ್ತಕ ಹೇಳುವುದಿಲ್ಲ.
ಬಿಪಿಎಡ್‌ನಲ್ಲಿ ಓದಿದ ನೆನಪೂ ಇಲ್ಲ.
ಮರುದಿನ, ನಾಚಿಕೆ ಬಿಟ್ಟು, ಅವಳನ್ನೇ ಕೇಳಿದೆ.
ಊರುಗೋಲಿನ ತುದಿಯಿಂದ ಮಣ್ಣಲ್ಲಿ ಗೀರಿದಳು,
ನಾನು ಎಳೆದಿದ್ದಕ್ಕಿಂತ
ನಾಲ್ಕು ಅಡಿ ಆಚೆಗೆ.

ಟಿಕ್ ಅಳಿಸಿದ್ದೇನೆ. ಏಳನೇ ಕಾಲಂ
ಸದ್ಯಕ್ಕೆ ಖಾಲಿ.
ಇವತ್ತು ಹೊಂಗೆಯ ಬುಡದಲ್ಲಿ ಯಾರೂ ಇಲ್ಲ.
ಒಂದು ಚಪ್ಪಲಿಯನ್ನು ನಾಯಿ ಒಯ್ದಿದೆ.